ಕಾವಲು ನೂಲು

ಒಂದು ಸಲ, ಒಂದೇ ಒಂದು ಸಲ, ಅಕ್ಕನ ಅಂಗಡಿಯ ಪ್ರಿಂಟರಿನ ಬಾಯಲ್ಲಿ ಸಿಕ್ಕಿಕೊಂಡಿದ್ದ ಕಾಗದವನ್ನು ನಾನು ಚಿಮಟದಿಂದ ಎಳೆದು ತೆಗೆದಿದ್ದೆ. ನಾನು ಕಟ್ಟುಹಲ್ಲು ಮಾಡುವವನು, ಜೇಬಿನಲ್ಲಿ ಚಿಮಟ ಇರುವುದು ಸಹಜ. ಅದರಲ್ಲಿ ವಿದ್ಯೆಯೇನೂ ಇರಲಿಲ್ಲ. ಆದರೆ ಆವತ್ತಿನಿಂದ ಇಡೀ ಕುಟುಂಬಕ್ಕೆ ನಾನು ಕಂಪ್ಯೂಟರ್ ಬಲ್ಲವನಾಗಿಬಿಟ್ಟೆ. ಚಿಕ್ಕಮ್ಮನ ಫೋನು ಬಿಸಿಯಾದರೆ ನನಗೆ ಕರೆ, ಷಡ್ಡಕನ ಟೀವಿಯಲ್ಲಿ ಧ್ವನಿ ಬರದಿದ್ದರೆ ನನಗೆ ಕರೆ. ನನಗೆ ಬರುವುದಿಲ್ಲ ಎಂದರೆ ಯಾರೂ ನಂಬುವುದಿಲ್ಲ, ಜಂಭ ಎನ್ನುತ್ತಾರೆ.

ಹಾಗಾಗಿ ಭಾವನ ಹಳೆಯ ಕಂಪ್ಯೂಟರ್ ಒಂದು ಮಧ್ಯಾಹ್ನ ಕಿರ್ರೆಂದು ಕೂಗಿ, ಸುಟ್ಟ ವಾಸನೆ ಬಿಟ್ಟು ಪ್ರಾಣ ಬಿಟ್ಟಾಗ ಅಕ್ಕ ಬೇರೆ ಯಾರನ್ನೂ ಕರೆಯಲಿಲ್ಲ.

ಅಕ್ಕನ ಅಂಗಡಿ ಚಪ್ಪಲಿ ರಿಪೇರಿಯವನ ಮಳಿಗೆಯ ಮೇಲಿದೆ. ಇಬ್ಬರು ಎದುರುಬದುರಾದರೆ ಒಬ್ಬರು ಹಿಂದೆ ಸರಿಯಬೇಕಾದಂಥ ಮೆಟ್ಟಿಲು, ಹತ್ತಿದರೆ ಉದ್ದನೆಯ ಒಂದೇ ಕೋಣೆ. ಕಿಟಕಿಯ ಪಕ್ಕ ಹೆಣಿಗೆ ಯಂತ್ರ. ಸೂಜಿಗಳ ಸಾಲಿನ ಮೇಲೆ ಅಕ್ಕ ಅದರ ಗಾಡಿಯನ್ನು ಅತ್ತಿಂದಿತ್ತ ಎಳೆದ ಹಾಗೆಲ್ಲ ಸ್ವೆಟರ್ ಸಾಲು ಸಾಲಾಗಿ ಕೆಳಗೆ ಇಳಿಯುತ್ತದೆ. ದೊಡ್ಡ ಅಂಗಡಿಗಳ ಸಿದ್ಧ ಉಡುಪು ಯಾರ ಮೈಗೆ ಕೂರುವುದಿಲ್ಲವೋ ಅವರೆಲ್ಲ ಅಕ್ಕನ ಗಿರಾಕಿಗಳು. ಒಂದು ತೋಳು ಗಿಡ್ಡ ಇದ್ದವರು, ಆಪರೇಷನ್ ಆಗಿ ಎದೆ ಒಂದು ಕಡೆ ಚಪ್ಪಟೆಯಾದವರು, ಬೆನ್ನು ಬಾಗಿದವರು.

ಅಂಥವರಿಗೆ ಹೊಂದುವ ಹಾಗೆ ಹೆಣೆಯಲು ಲೆಕ್ಕ ಬೇಕು. ಯಾವ ಸಾಲಿನಲ್ಲಿ ಎಷ್ಟು ಕುಣಿಕೆ ಏರಿಸಬೇಕು, ಎಲ್ಲಿ ಇಳಿಸಬೇಕು ಎಂದು ಹೇಳುವ ಪ್ರೋಗ್ರಾಮನ್ನು ಬರೆದವನು ಭಾವ. ಅವನು ನಿವೃತ್ತ ಸರ್ವೇಯರ್, ಆಯುಷ್ಯವೆಲ್ಲ ಗುಡ್ಡಬೆಟ್ಟ ಅಳೆದವನು. ಅವನ ದೃಷ್ಟಿಯಲ್ಲಿ ಮನುಷ್ಯನ ಬೆನ್ನೂ ಒಂದು ಇಳಿಜಾರು, ಅಷ್ಟೇ. ಆ ಪ್ರೋಗ್ರಾಮಿಗೆ ಮೈಯ ಅಳತೆಗಳನ್ನು ಕೊಟ್ಟರೆ ಸಾಲು ಸಾಲಾಗಿ ಹೆಣಿಗೆಯ ಲೆಕ್ಕ ಬರುತ್ತದೆ. ಒಳ್ಳೆಯದೇ. ಆದರೆ ಅದು ಓಡುವುದು ಲಿನಕ್ಸ್ ಎಂಬ ವ್ಯವಸ್ಥೆಯ ಮೇಲೆ ಮಾತ್ರ. ಅಕ್ಕ ಹೊಸದಾಗಿ ತಂದ ಅಗ್ಗದ ಲ್ಯಾಪ್‌ಟಾಪಿನಲ್ಲಿ ಇದ್ದದ್ದು ಬೇರೆ ವ್ಯವಸ್ಥೆ. ಅದು ಭಾವನ ಪ್ರೋಗ್ರಾಮನ್ನು ನೋಡಿ, ಇದು ಏನೆಂದೇ ನನಗೆ ಗೊತ್ತಿಲ್ಲ ಎಂದಿತು.

"ಪ್ರೋಗ್ರಾಮನ್ನೇ ಸ್ವಲ್ಪ ಬದಲಾಯಿಸಿ ಭಾವ," ಎಂದೆ.

"ಪ್ರೋಗ್ರಾಮ್ ಸರಿಯಾಗೇ ಇದೆ. ಲ್ಯಾಪ್‌ಟಾಪ್ ಬದಲಾಯಿಸು," ಎಂದ.

ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ. ಲ್ಯಾಪ್‌ಟಾಪ್ ಮಾರಿದ ಅಂಗಡಿಯವನೇ ಕೊನೆಗೆ ದಾರಿ ತೋರಿಸಿದ. ಇದ್ದ ವ್ಯವಸ್ಥೆಯನ್ನು ಹಾಗೆಯೇ ಇಟ್ಟುಕೊಂಡು ಅದರ ಹೊಟ್ಟೆಯೊಳಗೆ ಇನ್ನೊಂದು ಕಂಪ್ಯೂಟರನ್ನು ಸೃಷ್ಟಿಸಬಹುದಂತೆ. ಅದಕ್ಕೆ ವರ್ಚುವಲ್ ಮಷೀನ್ ಎಂದು ಹೆಸರು. ಅದು ನಿಜವಾದ ಯಂತ್ರವಲ್ಲ, ಆದರೆ ಅದಕ್ಕೇ ಅದು ಗೊತ್ತಿರುವುದಿಲ್ಲ. ತನಗೂ ಡಿಸ್ಕ್ ಇದೆ, ಮೆಮೊರಿ ಇದೆ ಎಂದು ನಂಬಿಕೊಂಡು ಒಂದು ಕಿಟಕಿಯೊಳಗೆ ಸಂಸಾರ ಮಾಡುತ್ತದೆ. ಲ್ಯಾಪ್‌ಟಾಪಿನ ಮೆಮೊರಿ ಕಡಿಮೆ, ಇರುವುದರಲ್ಲೇ ಇಬ್ಬರ ಸಂಸಾರ ನಡೆಯಬೇಕು. ಆದ್ದರಿಂದ ಒಳಗೆ ಹಾಕುವ ಲಿನಕ್ಸ್ ಹಗುರವಾದದ್ದಾಗಿರಲಿ ಎಂದ.

"ಅದನ್ನೇ ನಾನು ಮೊದಲಿಂದ ಹೇಳ್ತಿರೋದು. ಹಗುರ ಇರಬೇಕು!" ಎಂದ ಭಾವ. ಅವನು ಮೊದಲಿನಿಂದ ಹಾಗೆ ಹೇಳಿರಲೇ ಇಲ್ಲ.

ಭಾನುವಾರ ಬೆಳಿಗ್ಗೆ ಕೂತೆ. ಅರ್ಧ ಗಂಟೆಯ ಕೆಲಸ ಎಂದು ಇಂಟರ್ನೆಟ್ಟಿನಲ್ಲಿ ಒಬ್ಬ ನಗುನಗುತ್ತಾ ವೀಡಿಯೋ ಮಾಡಿದ್ದ. ಅವನು ಸಿಕ್ಕಿದರೆ ಹಲ್ಲು ಉದುರಿಸುತ್ತೇನೆ, ಮತ್ತೆ ಕಟ್ಟಿಕೊಡುವುದೂ ಇಲ್ಲ.

ಮೊದಲ ಹೆಜ್ಜೆಯಲ್ಲೇ ಎಡವಟ್ಟು. ಒಳಗಿನ ಕಂಪ್ಯೂಟರನ್ನು ಶುರು ಮಾಡಿದರೆ, ವರ್ಚುವಲೈಸೇಶನ್‌ಗೆ ಅನುಮತಿ ಇಲ್ಲ ಎಂಬ ಸಂದೇಶ ಬಂತು. ಅನುಮತಿ ಕೊಡಬೇಕಾದವರು ಯಾರು? ಲ್ಯಾಪ್‌ಟಾಪೇ. ಕೇಳುವುದು ಎಲ್ಲಿ? ಅದು ಕಣ್ಣು ಬಿಡುವ ಮೊದಲು, ಒಂದು ಗುಂಡಿ ಒತ್ತಿ, ಅದರ ಮೂಲ ಸೆಟ್ಟಿಂಗಿಗೆ ನುಗ್ಗಿ. ನಾನು ಒತ್ತುವಷ್ಟರಲ್ಲಿ ಅದು ಕಣ್ಣು ಬಿಟ್ಟಾಗಿರುತ್ತಿತ್ತು. ಮತ್ತೆ ಆರಿಸು, ಮತ್ತೆ ಹಚ್ಚು, ಮತ್ತೆ ತಡ. ಕೊನೆಗೆ ಹಚ್ಚುವುದಕ್ಕೂ ಮೊದಲೇ ಗುಂಡಿಯನ್ನು ಪಟಪಟ ಬಡಿಯುತ್ತ ಕೂತೆ. ಅಕ್ಕ ಬಂದು ನೋಡಿ, ಟೀ ಇಟ್ಟು ಹೋದಳು.

ಅಂತೂ ಕಿಟಕಿ ತೆರೆಯಿತು. ಲಿನಕ್ಸಿನ ಪರದೆ ಅಂಗೈ ಅಗಲ. ಅದರೊಳಗೆ ಒಮ್ಮೆ ಒತ್ತಿದ್ದೇ ತಡ, ಮೌಸಿನ ಬಾಣ ಒಳಗೇ ಸಿಕ್ಕಿಬಿತ್ತು. ಎಷ್ಟು ಎಳೆದರೂ ಹೊರಗೆ ಬರಲೊಲ್ಲದು. ಬಲಗಡೆಯ ಕಂಟ್ರೋಲ್ ಗುಂಡಿ ಒತ್ತಿದರೆ ಬಿಡುಗಡೆ ಎಂದು ತಿಳಿಯುವ ಹೊತ್ತಿಗೆ ನಾನು ಮೇಜನ್ನು ಎರಡು ಸಲ ಗುದ್ದಿಯಾಗಿತ್ತು.

ಇನ್‌ಸ್ಟಾಲ್ ಮಾಡಿದೆ. ಭಾಷೆ ಕೇಳಿತು, ಕೊಟ್ಟೆ. ಹೆಸರು ಕೇಳಿತು, ಕೊಟ್ಟೆ. ಪಾಸ್‌ವರ್ಡ್ ಕೇಳಿತು, ಅದನ್ನೂ ಕೊಟ್ಟೆ. ಎಷ್ಟಾಯಿತೆಂದು ತೋರಿಸುವ ಪಟ್ಟಿ ನಿಧಾನಕ್ಕೆ ತುಂಬಿತು. ಮುಗಿಯಿತು, ಈಗ ರೀಸ್ಟಾರ್ಟ್ ಮಾಡಿ ಎಂದಿತು. ಮಾಡಿದೆ. ಕಪ್ಪು ಪರದೆ, ಆಮೇಲೆ ನೀಲಿ ಪರದೆ, ಆಮೇಲೆ: ಸ್ವಾಗತ, ಲಿನಕ್ಸ್ ಇನ್‌ಸ್ಟಾಲ್ ಮಾಡಲು ಬಯಸುವಿರಾ?

ಏನೋ ತಪ್ಪಿರಬೇಕು ಎಂದುಕೊಂಡು ಇನ್ನೊಮ್ಮೆ ಮಾಡಿದೆ. ಭಾಷೆ, ಹೆಸರು, ಪಾಸ್‌ವರ್ಡ್, ಪಟ್ಟಿ, ರೀಸ್ಟಾರ್ಟ್. ಸ್ವಾಗತ, ಲಿನಕ್ಸ್ ಇನ್‌ಸ್ಟಾಲ್ ಮಾಡಲು ಬಯಸುವಿರಾ?

"ಬಯಸಿ ಬಯಸಿ ಸಾಕಾಗಿದೆ!" ಎಂದು ಕಿರುಚಿದೆ. ಕೆಳಗಿನ ಚಪ್ಪಲಿಯವನ ಸುತ್ತಿಗೆ ಒಂದು ಕ್ಷಣ ನಿಂತಿತು.

ಭಾವ ಕನ್ನಡಕ ಹಣೆಗೇರಿಸಿ ಬಗ್ಗಿ ನೋಡಿದ. "ನಮ್ಮ ಕಾಲದಲ್ಲಿ ಹೀಗಿರಲಿಲ್ಲ," ಎಂದ.

"ನಿಮ್ಮ ಕಾಲದ್ದೇ ಭಾವ ಇದು! ನಿಮ್ಮ ಕಾಲದ್ದನ್ನ ಓಡಿಸೋಕೇ ಒದ್ದಾಡ್ತಿರೋದು!"

ಮೂರನೆಯ ಸಲವೂ ಅದೇ ಸ್ವಾಗತ ಬಂದಾಗ ಇಂಟರ್ನೆಟ್ಟಿನಲ್ಲಿ ಹುಡುಕಿದೆ. ಯಾವನೋ ಒಬ್ಬ ಇದೇ ಗೋಳನ್ನು ಹೇಳಿಕೊಂಡಿದ್ದ. ಕೆಳಗೆ ಇನ್ನೊಬ್ಬ ಒಂದೇ ಸಾಲಿನ ಉತ್ತರ ಕೊಟ್ಟಿದ್ದ: ಡಿಸ್ಕ್ ತೆಗೆದೆಯಾ? ಕೇಳಿದವನು ಆಮೇಲೆ ಪತ್ತೆಯೇ ಇಲ್ಲ, ನಾಚಿಕೆಯಿಂದ ಇರಬೇಕು. ವಿಷಯ ಇಷ್ಟೇ. ಒಳಗಿನ ಕಂಪ್ಯೂಟರಿಗೆ ಇನ್‌ಸ್ಟಾಲ್ ಮಾಡಲೆಂದು ಒಂದು ಕಾಲ್ಪನಿಕ ಡಿಸ್ಕನ್ನು ಬಾಯಿಗೆ ಇಟ್ಟಿರುತ್ತೇವೆ. ಕೆಲಸ ಮುಗಿದ ಮೇಲೆ ಅದನ್ನು ತೆಗೆಯದಿದ್ದರೆ ಅದು ಎದ್ದಾಗಲೆಲ್ಲ ಆ ಡಿಸ್ಕನ್ನೇ ಮೊದಲು ಓದುತ್ತದೆ. ಹಲ್ಲಿನ ಅಚ್ಚು ತೆಗೆಯುವಾಗ ತಟ್ಟೆಯನ್ನು ರೋಗಿಯ ಬಾಯಲ್ಲೇ ಬಿಟ್ಟು ಮನೆಗೆ ಕಳಿಸಿದ ಹಾಗೆ. ನನ್ನ ಮೇಲೆ ನನಗೇ ಎಷ್ಟು ಸಿಟ್ಟು ಬಂತೆಂದರೆ, ತಣ್ಣಗಾಗಿದ್ದ ಟೀಯನ್ನು ಶಿಕ್ಷೆ ಎಂದು ಕುಡಿದೆ.

ಡಿಸ್ಕ್ ತೆಗೆದೆ. ಲಿನಕ್ಸ್ ಎದ್ದಿತು. ಹಳೆಯ ಡಿಸ್ಕಿನಿಂದ ಭಾವನ ಪ್ರೋಗ್ರಾಮನ್ನು ಒಳಗೆ ದಾಟಿಸಲು ಇನ್ನೊಂದು ಸುತ್ತು ಗೋಳಾಯಿತು, ಅದನ್ನು ಹೇಳುವುದಿಲ್ಲ. ಸಂಜೆಯ ಹೊತ್ತಿಗೆ ಕಪ್ಪು ಪರದೆಯ ಮೇಲೆ ಹಸಿರು ಅಕ್ಷರಗಳು ಬಂದವು. ಭಾವ ಒಂದು ಪರೀಕ್ಷೆಯ ಅಳತೆ ಕೊಟ್ಟ, ಲೆಕ್ಕ ಬಂತು. ಅಕ್ಕ ಚಪ್ಪಾಳೆ ತಟ್ಟಿದಳು.

ಅಲ್ಲಿಗೆ ನಿಲ್ಲಿಸಿ ಮನೆಗೆ ಹೋಗಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಗೆದ್ದವನಿಗೆ ಬಾಯಿ ಸುಮ್ಮನಿರುತ್ತದೆಯೇ? ಮತ್ತೆ ಏನಾದರೂ ಕೆಟ್ಟು ನನ್ನನ್ನು ಇನ್ನೊಂದು ಭಾನುವಾರ ಎಳೆದು ತರಬಾರದು ಎಂದು, ವರ್ಚುವಲ್ ಮಷೀನಿನಲ್ಲಿ ಸ್ನ್ಯಾಪ್‌ಶಾಟ್ ಎಂಬುದನ್ನು ತೆಗೆದಿಟ್ಟೆ. ಈ ಗಳಿಗೆಯಲ್ಲಿ ಒಳಗಿನ ಕಂಪ್ಯೂಟರ್ ಹೇಗಿದೆಯೋ ಹಾಗೆಯೇ ಅದನ್ನು ನೆನಪಿಟ್ಟುಕೊಳ್ಳುವ ಉಪಾಯ ಅದು. ಮುಂದೆ ಏನೇ ಕೆಟ್ಟರೂ ರಿಸ್ಟೋರ್ ಎಂದು ಒತ್ತಿದರೆ ಈ ಗಳಿಗೆಗೆ ವಾಪಸ್ ಬರಬಹುದು. ಅಕ್ಕನಿಗೆ ಅರ್ಥವಾಗಲಿಲ್ಲ. ಆಗ ನನಗೊಂದು ಹೋಲಿಕೆ ಹೊಳೆಯಿತು.

ಹೆಣಿಗೆಯವರಲ್ಲಿ ಒಂದು ಪದ್ಧತಿ ಇದೆ. ಕಷ್ಟದ ವಿನ್ಯಾಸ ಶುರು ಮಾಡುವ ಮೊದಲು, ಸರಿಯಾಗಿ ಬಂದಿರುವ ಸಾಲಿನ ಎಲ್ಲ ಕುಣಿಕೆಗಳ ಮೂಲಕ ಬೇರೆ ಬಣ್ಣದ ಒಂದು ದಾರವನ್ನು ಪೋಣಿಸಿಬಿಡುತ್ತಾರೆ. ಮುಂದೆ ತಪ್ಪಾದರೆ ಧೈರ್ಯವಾಗಿ ಬಿಚ್ಚಬಹುದು. ಬಿಚ್ಚಿಕೊಳ್ಳುತ್ತ ಬಂದ ಹೆಣಿಗೆ ಆ ದಾರದ ಹತ್ತಿರ ನಿಂತುಬಿಡುತ್ತದೆ. ಅಕ್ಕ ಅದನ್ನು ಕಾವಲು ನೂಲು ಎನ್ನುತ್ತಾಳೆ.

"ಸ್ನ್ಯಾಪ್‌ಶಾಟ್ ಅಂದ್ರೆ ಕಾವಲು ನೂಲು ಅಕ್ಕಾ," ಎಂದೆ.

ಅವಳ ಮುಖ ಅರಳಿತು. "ಅಯ್ಯೋ, ಇಷ್ಟೇನಾ! ಮೊದಲೇ ಹೇಳಬಾರದಾ?" ಎಂದಳು. ಅದು ಅವಳಿಗೆ ಎಷ್ಟು ಚೆನ್ನಾಗಿ ಅರ್ಥವಾಯಿತೆಂದು ನನಗೆ ಆಗ ಗೊತ್ತಾಗಲಿಲ್ಲ.

ಮಂಗಳವಾರ ಅಂಚೆ ಮೇಡಂ ಬಂದರು.

ಅವರು ನಮ್ಮ ಬೀದಿಯ ಕೊನೆಯಲ್ಲಿರುವ ಅಂಚೆ ಕಚೇರಿಯಲ್ಲಿ ಕೆಲಸ ಮಾಡುವವರು. ವರ್ಷಗಟ್ಟಲೆ ಹಿಂದಿನ ಕೋಣೆಯಲ್ಲಿ ಪತ್ರ ವಿಂಗಡಿಸುತ್ತಿದ್ದರು, ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಚಿಕ್ಕಂದಿನಿಂದ ಅವರ ಬೆನ್ನುಮೂಳೆ ತಿರುಚಿಕೊಂಡಿದೆ, ಒಂದು ಭುಜ ಮೇಲೆ, ಬೆನ್ನಿನ ಮೇಲೆ ಗೂನು. ಸೆಕೆಯಲ್ಲೂ ದೊಡ್ಡ ಶಾಲು ಹೊದ್ದು ಓಡಾಡುತ್ತಿದ್ದರು. ಈಗ ಅವರಿಗೆ ಮುಂದಿನ ಕೌಂಟರಿನ ಕೆಲಸ ಬಂದಿತ್ತು, ಸೋಮವಾರದಿಂದ. ಕೌಂಟರಿನಲ್ಲಿ ಕೂರುವವರು ಕಚೇರಿಯ ಬೂದು ನೀಲಿ ಬಣ್ಣದ ಸ್ವೆಟರ್ ಹಾಕಬೇಕು, ಶಾಲು ಹೊದೆಯುವಂತಿಲ್ಲ. ಕಚೇರಿಯಿಂದ ಕೊಟ್ಟ ಸ್ವೆಟರ್ ಹಾಕಿಕೊಂಡರೆ ಅದು ಹಿಂದೆ ಎತ್ತಿಕೊಂಡು, ಮುಂದೆ ಜೋತುಬಿದ್ದು, ಇರುವ ಗೂನನ್ನು ಎರಡರಷ್ಟು ಮಾಡಿ ತೋರಿಸುತ್ತಿತ್ತು. ಸರಿಯಾದ ಸ್ವೆಟರ್ ಸಿಗದಿದ್ದರೆ ಕೌಂಟರ್ ಬೇಡವೆಂದು ಬರೆದುಕೊಟ್ಟು ಮತ್ತೆ ಹಿಂದಿನ ಕೋಣೆಗೇ ಹೋಗುತ್ತೇನೆ ಎಂದು ಅಕ್ಕನಿಗೆ ಹೇಳಿದರಂತೆ.

ಅಳತೆ ಕೊಡಲು ಅವರು ಎರಡು ಸಲ ಮೆಟ್ಟಿಲ ಅರ್ಧದವರೆಗೆ ಬಂದು ಹಿಂದಿರುಗಿದ್ದರು. ಹಿಂದೆ ಒಬ್ಬ ದರ್ಜಿ ಅವರ ಅಳತೆಯ ಚೀಟಿಯನ್ನು ಮೇಜಿನ ಮೇಲೆ ಬಿಟ್ಟಿದ್ದ. ಅವನ ಕೆಲಸಗಾರರು ಅದನ್ನು ಗಟ್ಟಿಯಾಗಿ ಓದಿಕೊಂಡು ನಗುತ್ತಿದ್ದಾಗ ಇವರು ಬಾಗಿಲಲ್ಲೇ ನಿಂತಿದ್ದರು. ಆಮೇಲೆ ಯಾರಿಗೂ ಬೆನ್ನು ಮುಟ್ಟಲು ಬಿಟ್ಟಿಲ್ಲ. ಈ ಸಲ ಒಪ್ಪಿದ್ದು ಒಂದು ಷರತ್ತಿನ ಮೇಲೆ: ಅಂಕಿಗಳನ್ನು ಚೀಟಿಯಲ್ಲಿ ಬರೆಯಬಾರದು. ನೇರವಾಗಿ ಯಂತ್ರದೊಳಗೆ ಹೋಗಬೇಕು, ಗಂಡಸರು ಯಾರೂ ಇರಬಾರದು.

ಟೀ ಕುಡಿಯಲೆಂದು ಹೋಗಿದ್ದ ನನ್ನನ್ನೂ ಭಾವನನ್ನೂ ಅಕ್ಕ ಮೆಟ್ಟಿಲಿಗೆ ಅಟ್ಟಿದಳು. ಬಹಳ ಹೊತ್ತಾಯಿತು. ಅಂಚೆ ಮೇಡಂ ಇಳಿದು ಬಂದಾಗ ನಮ್ಮನ್ನು ನೋಡಲಿಲ್ಲ, ಕಣ್ಣು ಕೆಂಪಾಗಿದ್ದವು. ಮೇಲೆ ಅಕ್ಕ ಟೇಪನ್ನು ಸುತ್ತುತ್ತ ಕೂತಿದ್ದಳು. "ಪಾಪ, ಮೈಯೆಲ್ಲ ನಡುಗ್ತಿತ್ತು ಕಣೋ," ಎಂದಳು. "ನಾಳೆಯಿಂದಲೇ ಹೆಣೆಯೋಕೆ ಶುರು ಮಾಡ್ತೀನಿ."

ಬುಧವಾರ ನಾನು ಯಾರದೋ ಕೆಳದವಡೆಯ ಅಚ್ಚಿಗೆ ಮೇಣ ಹಾಕುತ್ತಿದ್ದಾಗ ಅಕ್ಕನ ಫೋನು ಬಂತು.

"ಅಂಚೆ ಮೇಡಂದು ಎಲ್ಲೂ ಕಾಣಿಸ್ತಿಲ್ಲ ಕಣೋ."

"ಕಾಣಿಸ್ತಿಲ್ಲ ಅಂದ್ರೆ?"

"ಅಳತೆ. ಪ್ರೋಗ್ರಾಮಿನಲ್ಲಿ ಅವರ ಹೆಸರೇ ಇಲ್ಲ."

ಕೆಳದವಡೆಯನ್ನು ಹಾಗೇ ಬಿಟ್ಟು ಓಡಿದೆ. ಲ್ಯಾಪ್‌ಟಾಪ್ ನೋಡಿದೆ. ಎಲ್ಲವೂ ನನ್ನ ಭಾನುವಾರದ ಸಂಜೆಯಂತೆಯೇ ಇತ್ತು, ಭಾವನ ಪರೀಕ್ಷೆಯ ಅಳತೆ ಮಾತ್ರ.

"ಅಕ್ಕಾ, ಇವತ್ತು ಬೆಳಿಗ್ಗೆ ಏನು ಮಾಡಿದೆ?"

"ಏನೂ ಮಾಡಲಿಲ್ಲ. ಬೇಕರಿಯವನು ಬಂದಿದ್ದ. ಅವನದು ಹಾಕುವಾಗ ಎದೆಯ ಅಳತೇನ ಕೊರಳಿನ ಜಾಗಕ್ಕೆ ಹಾಕಿಬಿಟ್ಟೆ."

"ಅಳಿಸಿ ಸರಿ ಮಾಡಬೇಕಿತ್ತು!"

"ತಪ್ಪಿಗೆ ತೇಪೆ ಹಾಕಬಾರದು ಕಣೋ, ಬಿಚ್ಚಬೇಕು. ಕಾವಲು ನೂಲಿನ ತನಕ ಬಿಚ್ಚಿದೆ. ನೀನೇ ತಾನೇ ಹೇಳಿಕೊಟ್ಟಿದ್ದು?"

"ಈಗಿರೋದೆಲ್ಲ ಹೋಗತ್ತೆ, ಪರವಾಗಿಲ್ವಾ ಅಂತ ಅದು ಕೇಳಲಿಲ್ವಾ?"

"ಕೇಳ್ತು. ಹೌದು ಅಂದೆ. ಬಿಚ್ಚಿದ ಮೇಲೆ ಹೋಗದೆ ಇರತ್ತಾ?"

ನನಗೆ ತಲೆ ಚಿಟ್ಟು ಹಿಡಿಯಿತು. "ಬೇಕರಿಯವನದು ಮಾತ್ರ ಅಲ್ಲ ಅಕ್ಕಾ, ಭಾನುವಾರದಿಂದ ಈಚೆಗೆ ಹಾಕಿದ್ದು ಎಲ್ಲಾ ಹೋಯ್ತು! ಎಲ್ಲಾ!"

ಅವಳು ನನ್ನನ್ನೇ ಹುಚ್ಚನನ್ನು ನೋಡುವಂತೆ ನೋಡಿದಳು. "ಅದು ಹೆಂಗೆ? ಅವನದು ಬೇರೆ ಸ್ವೆಟರ್, ಅವರದು ಬೇರೆ ಸ್ವೆಟರ್. ಇವನದನ್ನ ಬಿಚ್ಚಿದರೆ ಅವರದು ಯಾಕೆ ಬಿಚ್ಚಿಕೊಳ್ಳತ್ತೆ?"

ಒಳಗಿನ ಕಂಪ್ಯೂಟರ್ ಇಡಿಯಾಗಿ ಒಂದೇ ಸ್ವೆಟರ್, ಎಲ್ಲ ಗಿರಾಕಿಗಳೂ ಅದೇ ನೂಲಿನಲ್ಲಿ ಇದ್ದಾರೆ ಎಂದು ಕೂಗಾಡಿದೆ. ಹಾಗಂತ ಭಾನುವಾರ ಯಾಕೆ ಹೇಳಲಿಲ್ಲ ಎಂದು ಅವಳೂ ಕೂಗಾಡಿದಳು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂದು ಭಾವ ಮೂಲೆಯಿಂದ ಗಾದೆ ಹೇಳಿದ. ಇಬ್ಬರೂ ಒಟ್ಟಿಗೇ ಅವನ ಮೇಲೆ ಎರಗಿದೆವು. ಆಮೇಲೆ ನಾನು ಕಂಡ ಕಂಡ ಕಡೆಯೆಲ್ಲ ಹುಡುಕಿದೆ. ಹೋದದ್ದು ಹೋಗಿತ್ತು. ಅಕ್ಕನಿಗೆ ನೆನಪಿದೆಯೇ ಎಂದರೆ, ಒಂದೂ ಇಲ್ಲ. ನೆನಪಿಟ್ಟುಕೊಳ್ಳುವುದಿಲ್ಲ ಎಂದು ಅವರಿಗೆ ಮಾತು ಕೊಟ್ಟು, ಅಂಕಿ ಒತ್ತಿದ ಕೂಡಲೇ ಮರೆಯುತ್ತ ಹೋಗಿದ್ದಳಂತೆ.

"ಮತ್ತೆ ಅಳೀಬೇಕು ಅಂತ ನಾನು ಹೆಂಗೆ ಹೇಳಲಿ?" ಎಂದು ಕೂತುಬಿಟ್ಟಳು. ಅವಳ ಕಣ್ಣಲ್ಲಿ ನೀರು ಕಂಡಾಗ ನನ್ನ ಕೂಗು ಇಳಿಯಿತು. ಸಿಟ್ಟು ಮಾತ್ರ ಇಳಿಯಲಿಲ್ಲ. ಆದರೆ ಅದನ್ನು ಯಾರ ಮೇಲೆ ಹಾಕಬೇಕೆಂದು ಯೋಚಿಸಿದರೆ ಸುತ್ತಿ ಬಳಸಿ ನನ್ನ ಹತ್ತಿರವೇ ಬರುತ್ತಿತ್ತು. ಹೋಲಿಕೆ ಕೊಟ್ಟವನು ನಾನು.

"ನಾನೇ ಹೇಳ್ತೀನಿ," ಎಂದೆ.

ಅಂಚೆ ಕಚೇರಿಯ ಹಿಂದಿನ ಬಾಗಿಲಲ್ಲಿ, ಖಾಲಿ ಚೀಲಗಳ ರಾಶಿಯ ಪಕ್ಕ ನಿಂತು ಹೇಳಿದೆ. ಸ್ನ್ಯಾಪ್‌ಶಾಟು, ರಿಸ್ಟೋರು ಎಂದು ಬಡಬಡಿಸಿದೆ. ಅಂಚೆ ಮೇಡಂ ಶಾಲನ್ನು ಬಿಗಿಯಾಗಿ ಎಳೆದುಕೊಂಡು ಪೂರ್ತಿ ಕೇಳಿದರು.

"ಯಾರಾದರೂ ನೋಡಿದ್ರಾ?"

"ಇಲ್ಲ ಮೇಡಂ. ಇಲ್ಲವೇ ಇಲ್ಲ. ಅಳಿಸಿಹೋಗಿದೆ, ಅಷ್ಟೇ."

"ಅಷ್ಟೇ," ಎಂದರು. ಅವರ ಬಾಯಲ್ಲಿ ಆ ಮಾತು ಕೇಳಿ ನನಗೆ ನಾಚಿಕೆಯಾಯಿತು. "ಬಿಡಿ. ನಾನು ಒಳಗೇ ಇರ್ತೀನಿ. ಇಷ್ಟು ವರ್ಷ ಇರಲಿಲ್ವಾ?"

"ಒಂದೇ ಸಲ ಮೇಡಂ. ಅಳತೆ ತಗೊಳ್ಳೋದು ಅಂಥ ದೊಡ್ಡ ವಿಷಯ ಏನಲ್ಲ..."

ಬಾಯಿಂದ ಜಾರಿದ ಮೇಲೆ ಗೊತ್ತಾಯಿತು. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಪತ್ರದ ತೂಕ ಅಂದಾಜು ಮಾಡುವವರ ನೋಟ.

"ದೊಡ್ಡ ವಿಷಯ ಅಲ್ವಾ?" ಎಂದರು. "ಹಾಗಾದರೆ ಸಂಜೆ ಬರ್ತೀನಿ. ಮೊದಲು ನಿಮ್ಮದು ತಗೊಳ್ಳಲಿ, ನನ್ನ ಎದುರಿಗೆ. ಗಟ್ಟಿಯಾಗಿ ಓದಬೇಕು. ಆಮೇಲೆ ನನ್ನದು."

ನಾನು ನಕ್ಕೆ. ಅವರು ನಗಲಿಲ್ಲ.

ಸಂಜೆ ಅವರು ಬಂದು ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕುರ್ಚಿಯಲ್ಲಿ ಕೂತರು. ನಾನು ಕೋಟು ತೆಗೆದೆ, ಸ್ವೆಟರ್ ತೆಗೆದೆ, ಬನಿಯನ್ನಿನಲ್ಲಿ ನಿಂತೆ. ಬನಿಯನ್ನಿನ ಕಂಕುಳಲ್ಲಿ ಒಂದು ತೂತು ಇತ್ತು. ಬೆಳಿಗ್ಗೆ ಹಾಕಿಕೊಳ್ಳುವಾಗ ಕೋಟಿನ ಒಳಗೆ ಯಾರು ನೋಡುತ್ತಾರೆ ಎಂದುಕೊಂಡಿದ್ದೆ. ಭಾವ ಲ್ಯಾಪ್‌ಟಾಪಿನ ಮುಂದೆ ಕೂತ. ಬಯಲಿನಲ್ಲಿ ಅಳೆದು ರೂಢಿಯಾದ ಸರ್ವೇಯರ್ ಅವನು. ಹೇಳಿದ ಅಂಕಿಯನ್ನು ಇನ್ನೊಂದು ಗುಡ್ಡದ ಮೇಲಿರುವವನಿಗೆ ಕೇಳಿಸುವಂತೆ ತಿರುಗಿ ಕೂಗುವುದು ಅವನ ಅಭ್ಯಾಸ.

"ಕೊರಳು, ಹದಿನಾರು," ಎಂದಳು ಅಕ್ಕ.

"ಕೊರಳು ಹದಿನಾರೂ!" ಎಂದ ಭಾವ. ಕೆಳಗೆ ಸುತ್ತಿಗೆ ನಿಂತಿತು.

"ಎದೆ, ಮೂವತ್ತೆಂಟು. ಹೊಟ್ಟೆ..."

ಉಸಿರು ಎಳೆದುಕೊಂಡೆ.

"ಉಸಿರು ಬಿಡಿ," ಎಂದರು ಅಂಚೆ ಮೇಡಂ. "ನನಗೂ ಬಿಡಿ ಅಂತಲೇ ಹೇಳಿದ್ರು."

ಬಿಟ್ಟೆ. ಟೇಪು ಅಕ್ಕನ ಕೈಯಲ್ಲಿ ಜಾರಿ ಉದ್ದವಾಯಿತು. "ನಲವತ್ತೆರಡು," ಎಂದಳು ಅಕ್ಕ. ಅವಳ ದನಿಯಲ್ಲಿ ಕನಿಕರ ಇತ್ತು.

"ಹೊಟ್ಟೆ ನಲವತ್ತೆರಡೂ!"

ನನ್ನ ಕಿವಿ ಬಿಸಿಯಾದವು. ಮನೆಯಲ್ಲಿ ಹೆಂಡತಿಗೆ ಮೂವತ್ತೆಂಟು ಎಂದೇ ಹೇಳಿಕೊಂಡು ಬಂದವನು ನಾನು. ಆಮೇಲೆ ಅಕ್ಕ ಹಿಂದೆ ಬಂದು ಕೊರಳಿನ ಬುಡದಿಂದ ಒಂದು ಭುಜಕ್ಕೆ, ಇನ್ನೊಂದು ಭುಜಕ್ಕೆ, ನೆಲದಿಂದ ಒಂದಕ್ಕೆ, ನೆಲದಿಂದ ಇನ್ನೊಂದಕ್ಕೆ ಟೇಪು ಹಿಡಿದಳು. ಮತ್ತೆ ಹಿಡಿದಳು.

"ಎಡ ಭುಜ ಒಂದೂವರೆ ಇಂಚು ತಗ್ಗು," ಎಂದಳು.

"ಸಾಧ್ಯವೇ ಇಲ್ಲ," ಎಂದೆ.

"ಎಡ ಭುಜ ಒಂದೂವರೆ..."

"ಭಾವ, ಸುಮ್ಮನಿರಿ! ಟೇಪು ಸರಿಯಿಲ್ಲ. ಇನ್ನೊಂದು ಸಲ ನೋಡು ಅಕ್ಕಾ."

ಇನ್ನೊಂದು ಸಲ ನೋಡಿದಳು. ಒಂದೂವರೆಯೇ. ಮೂವತ್ತು ವರ್ಷ ಎಡಕ್ಕೆ ವಾಲಿಕೊಂಡು ಕಟ್ಟುಹಲ್ಲು ಉಜ್ಜಿ ನಯ ಮಾಡಿದ್ದರ ಫಲ. ನನ್ನ ಎಲ್ಲ ಕೋಟುಗಳೂ ಒಂದು ಕಡೆ ಜಾರುವುದಕ್ಕೆ ನಾನು ಇಷ್ಟು ದಿನ ದರ್ಜಿಗಳನ್ನು ಬೈದುಕೊಂಡು ಬಂದಿದ್ದೆ. ಬನಿಯನ್ನಿನಲ್ಲಿ, ಪರಸ್ತ್ರೀಯ ಎದುರಿಗೆ, ತೂತು ಮುಚ್ಚಲು ಕೈಯನ್ನು ಮೈಗೆ ಒತ್ತಿಕೊಂಡು ನಿಂತಿದ್ದ ನನಗೆ ಅಳು ಬರುವಷ್ಟು ಸಿಟ್ಟು ಬಂತು. ಯಾರ ಮೇಲೂ ಅಲ್ಲ, ಆ ಟೇಪಿನ ಮೇಲೆ. ದೊಡ್ಡ ವಿಷಯ ಏನಲ್ಲ ಎಂದು ಅಂಚೆ ಕಚೇರಿಯಲ್ಲಿ ಹೇಳಿದ್ದ ಮಾತು ನೆನಪಾಯಿತು.

"ತಪ್ಪಾಯ್ತು ಮೇಡಂ," ಎಂದೆ. "ದೊಡ್ಡ ವಿಷಯವೇ."

ಅಂಚೆ ಮೇಡಂ ಆಗ ಮೊದಲ ಸಲ ನಕ್ಕರು. ಎದ್ದು ಶಾಲನ್ನು ತೆಗೆದು ಕುರ್ಚಿಯ ಬೆನ್ನಿಗೆ ಹಾಕಿದರು.

"ಸರ್ವೇಯರ್ ಸಾಹೇಬರು ಮಾತ್ರ ಹೊರಗೆ ಹೋಗಲಿ," ಎಂದರು. "ಇಡೀ ಬೀದಿಗೆ ಕೇಳಿಸುತ್ತೆ. ನೀವು ಇರಿ. ಗೋಡೆ ಕಡೆ ತಿರುಗಿ ಟೈಪ್ ಮಾಡಿ. ಈ ಸಲ ಅಳಿಸಿಹೋದರೆ ನಿಮ್ಮನ್ನೇ ಕೇಳ್ತೀನಿ."

ಗೋಡೆಯತ್ತ ಮುಖ ಮಾಡಿ ಕೂತೆ. ಹಿಂದೆ ಅಕ್ಕ ಮೆಲ್ಲಗೆ ಅಂಕಿಗಳನ್ನು ಹೇಳಿದಳು, ನಾನು ಒತ್ತುತ್ತ ಹೋದೆ. ಆ ಅಂಕಿಗಳನ್ನು ಇಲ್ಲಿ ಹೇಳುವುದಿಲ್ಲ. ಮುಗಿದ ಮೇಲೆ ಒಳಗಿನ ಕಂಪ್ಯೂಟರಿನಿಂದ ಹೊರಗಿನದಕ್ಕೆ ಒಂದು ಪ್ರತಿ ತೆಗೆದು ಬೀಗ ಹಾಕಿಟ್ಟೆ, ಹೊಸ ಸ್ನ್ಯಾಪ್‌ಶಾಟ್ ತೆಗೆದೆ. ಇನ್ನು ಮೇಲೆ ರಿಸ್ಟೋರ್ ಗುಂಡಿಯ ಹತ್ತಿರ ಕೈ ಹೋದರೆ ಯಂತ್ರದ ಸೂಜಿಗಳನ್ನೆಲ್ಲ ಕಿತ್ತುಹಾಕುತ್ತೇನೆ ಎಂದು ಅಕ್ಕನಿಗೆ ಹೇಳಿದೆ. ಅವಳು ಆಗಲೇ ನೂಲನ್ನು ಯಂತ್ರಕ್ಕೆ ಪೋಣಿಸುತ್ತಿದ್ದಳು. ಸೋಮವಾರಕ್ಕೆ ಹೆಚ್ಚು ದಿನ ಉಳಿದಿರಲಿಲ್ಲ.

ಸೋಮವಾರ ನಾನು ಅಂಚೆ ಕಚೇರಿಗೆ ಹೋದದ್ದು ಬೇಕೆಂದಲ್ಲ. ಬೇರೆ ಊರಿನ ವೈದ್ಯರಿಗೆ ಒಂದು ಜೊತೆ ಹಲ್ಲು ಕಳಿಸಬೇಕಿತ್ತು, ಅದಕ್ಕೇ ಹೋದದ್ದು. ಹಾಗೆಂದು ಹೆಂಡತಿಗೆ ಹೇಳಿ ಹೊರಟೆ.

ಅಂಚೆ ಕಚೇರಿಯಲ್ಲಿ ಉದ್ದ ಸಾಲು. ಮೂರು ಕೌಂಟರುಗಳಲ್ಲಿ ನಡುವಿನದರಲ್ಲಿ ಅಂಚೆ ಮೇಡಂ ಕೂತಿದ್ದರು, ಶಾಲು ಇರಲಿಲ್ಲ. ಬೂದು ನೀಲಿಯ ಸ್ವೆಟರ್ ಕೊರಳಿನಿಂದ ಸೊಂಟದವರೆಗೆ ಎಲ್ಲೂ ಎತ್ತಿಕೊಳ್ಳದೆ, ಎಲ್ಲೂ ಜೋಲದೆ ಮೈಗೆ ಕೂತಿತ್ತು. ಗೂನು ಮಾಯವಾಗಿರಲಿಲ್ಲ, ಅಕ್ಕ ಮಾಂತ್ರಿಕಳಲ್ಲ. ಆದರೆ ಅವರು ಕೈ ಚಾಚಿ ಪೊಟ್ಟಣ ತೆಗೆದುಕೊಳ್ಳುವಾಗ, ತಿರುಗಿ ತೂಕದ ಯಂತ್ರಕ್ಕೆ ಇಡುವಾಗ, ಬೆನ್ನನ್ನು ಗೋಡೆಗೆ ಮರೆಮಾಡಿಕೊಳ್ಳುತ್ತಿರಲಿಲ್ಲ. ಸಾಲಿನ ಕೊನೆಯಲ್ಲಿ ಹಲ್ಲಿನ ಡಬ್ಬಿ ಹಿಡಿದು ನಿಂತೆ. ಕೌಂಟರಿನ ಮುಂದಿದ್ದವನು ಚಿಲ್ಲರೆಗೆ ಜಗಳವಾಡುತ್ತಿದ್ದ, ಸಾಲು ಅಲ್ಲಾಡುತ್ತಿರಲಿಲ್ಲ, ನನಗೆ ಯಥಾಪ್ರಕಾರ ರೇಗಲು ಶುರುವಾಗಿತ್ತು.

ಆಗ ಅವರು ತಲೆ ಎತ್ತಿ ನನ್ನನ್ನು ಕಂಡರು.

"ಏನ್ರೀ," ಎಂದು ಇಡೀ ಕಚೇರಿಗೆ ಕೇಳುವಂತೆ ಕೂಗಿದರು, "ಎಡ ಭುಜ ಒಂದೂವರೆ ಇಂಚು ತಗ್ಗಿನವರೇ! ನಿಮ್ಮ ಸ್ವೆಟರ್ ಆಯ್ತಾ?"

ಸಾಲಿನಲ್ಲಿದ್ದವರೆಲ್ಲ ತಿರುಗಿ ನನ್ನ ಭುಜವನ್ನು ನೋಡಿದರು. ಚಿಲ್ಲರೆಯವನೂ ಜಗಳ ನಿಲ್ಲಿಸಿ ನೋಡಿದ. ಮೇಡಂ ಕೌಂಟರಿನ ಹಿಂದೆ ಎದ್ದು ನಿಂತು, ಬೆನ್ನು ನಮ್ಮ ಕಡೆ ಮಾಡಿ, ಕಪಾಟಿನಿಂದ ಸ್ಟಾಂಪಿನ ಹಾಳೆ ತೆಗೆಯುತ್ತಿದ್ದರು. ಆ ಬೆನ್ನನ್ನು ಯಾರೂ ನೋಡಲಿಲ್ಲ.